ಹಿಂತಿರುಗಿ ಬಾಣ ಬಿಡುವವನು

ಭೂತಗನ್ನಡಿಯನ್ನು ಕೋಟಿನ ಒಳಜೇಬಿಗೆ ಇಳಿಬಿಟ್ಟ ಮೇಲೆ ಕುಬಾತನಿಗೆ ಅದು ಅಲ್ಲಿರುವುದು ಸರಿಯಲ್ಲ ಅನ್ನಿಸಿತು. ತೆಗೆದು ಮೇಜಿನ ಮೇಲಿಟ್ಟ. ಇಟ್ಟ ಮೇಲೆ ಅದನ್ನು ಬಿಟ್ಟುಹೋಗುವುದೂ ಸರಿಯಲ್ಲ ಅನ್ನಿಸಿತು. ಸತ್ತ ಗೆಳೆಯ ವಿಲ್ಲಿಯ ನಲವತ್ತನೆಯ ದಿನದ ಊಟಕ್ಕೆ ಹೊರಟವನಿಗೆ ಬೇಕಾದದ್ದು ಕಪ್ಪು ಟೈ, ಒಗೆದ ಕರವಸ್ತ್ರ, ತಕ್ಕಮಟ್ಟಿಗೆ ಇಳಿಬಿದ್ದ ಮುಖ. ಅವೆಲ್ಲ ಸಿದ್ಧವಾಗಿದ್ದವು. ಅದರಲ್ಲೂ ಮುಖದ ಬಗ್ಗೆ ಅವನಿಗೆ ಚಿಂತೆಯೇ ಇರಲಿಲ್ಲ. ಬಿಷ್ಕೆಕ್ ನಗರದ ಮದುವೆ ನೋಂದಣಿ ಭವನದಲ್ಲಿ ಹೆಗಲಿಗೆ ಅಡ್ಡಪಟ್ಟಿ ಹಾಕಿಕೊಂಡು, ಎದುರು ನಿಂತ ಜೋಡಿ ಯಾವುದೆಂದು ಕಣ್ಣೆತ್ತಿಯೂ ನೋಡದೆ, ಇಂದಿನಿಂದ ನಿಮ್ಮಿಬ್ಬರ ದಾರಿ ಒಂದೇ ಎಂದು ಎರಡು ಭಾಷೆಗಳಲ್ಲಿ ಗಂಟಲು ತುಂಬಿ ಹೇಳುವುದೇ ಅವನ ನೌಕರಿ. ಆ ಗಂಟಲಿಗೆ ಹುಡುಗಿಯ ಕಡೆಯವರು ಖಂಡಿತ ಅಳುತ್ತಿದ್ದರು. ಒಮ್ಮೊಮ್ಮೆ ಹುಡುಗನೂ ಅಳುತ್ತಿದ್ದ. ಇವತ್ತೂ ಊಟದ ಮೇಜಿನಲ್ಲಿ ನಾಲ್ಕು ಮಾತು ಆಡಬೇಕೆಂದು ವಿಲ್ಲಿಯ ಹೆಂಡತಿ ಲೀದಾ ಫೋನು ಮಾಡಿ ಕೇಳಿದ್ದಳು. ನಿಮ್ಮಷ್ಟು ಹತ್ತಿರದವರು ಅವರಿಗೆ ಇನ್ಯಾರಿದ್ರು ಅಂದಿದ್ದಳು. ಅವನು ಆ ಮಾತು ಕೇಳಿಸದವನ ಹಾಗೆ, ಹೂವು ಏನಾದರೂ ತರಬೇಕೇ ಎಂದು ವಿಚಾರಿಸಿದ್ದ.

"ನಲವತ್ತರ ಊಟಕ್ಕೆ ಭೂತಗನ್ನಡಿ ಯಾಕ್ರೀ? ಅನ್ನದಲ್ಲಿ ಕಲ್ಲು ಆರಿಸೋಕಾ?" ಎಂದಳು ಹೆಂಡತಿ ಬುರುಲ್, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಚಿಕ್ಕಕ್ಷರ ಓದೋದಿದ್ರೆ ಬೇಕಾಗತ್ತೆ."

"ಹೌದೌದು. ಲೀದಾ ಎಜೆ ತಟ್ಟೆಗೆ ಚಿಕ್ಕಕ್ಷರದಲ್ಲೇ ಬಡಿಸೋದು." ಹಿರಿಯಕ್ಕನನ್ನು ಕರೆಯುವ ಆ ಎಜೆಯನ್ನು ಬುರುಲ್ ಬೇಕೆಂದೇ ಎಳೆದು ಹೇಳಿದಳು. "ವಿಲ್ಲಿ ಹೋದ್ರು ಅಂತ ಸುದ್ದಿ ಬಂದಾಗ ನೀವು ಮೊದಲು ಕೇಳಿದ್ದೇನು, ನೆನಪಿದೆಯಾ? ಕಪಾಟಿನ ಬೀಗದಕೈ ಯಾರ ಹತ್ರ ಇದೆ ಅಂತ."

"ಮಣ್ಣು ಯಾವಾಗ ಅಂತ ಕೇಳ್ದೆ."

"ಅದು ಆಮೇಲೆ ಕೇಳಿದ್ದು."

ಅವಳು ಒಳಗೆ ಹೋಗುವ ತನಕ ಅವನು ಬೂಟಿನ ದಾರ ಕಟ್ಟುತ್ತ ಬಗ್ಗಿಯೇ ಇದ್ದು, ಹೋದ ಮೇಲೆ ಭೂತಗನ್ನಡಿ ತೆಗೆದುಕೊಂಡು ಹೊರಟ.

ಟ್ರಾಲಿಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜಿನಲ್ಲಿ ಕಾಣುತ್ತಿದ್ದ ತನ್ನ ದುಃಖವನ್ನು ಅವನು ಒಮ್ಮೆ ಪರೀಕ್ಷಿಸಿ, ಹುಬ್ಬು ಸ್ವಲ್ಪ ಹೆಚ್ಚಾಯಿತೆಂದು ಸಡಿಲ ಬಿಟ್ಟ. ಹೊರಗೆ ಮಾರ್ಚಿನ ಕೊಳೆ ಹಿಮ ಕರಗಿ ರಸ್ತೆಬದಿಯ ಕಾಲುವೆಗಳಲ್ಲಿ ಹರಿಯುತ್ತಿತ್ತು, ಪಾಪ್ಲರ್ ಮರಗಳ ಬುಡಕ್ಕೆ ಸುಣ್ಣ ಬಳಿಯುತ್ತಿದ್ದರು. ವಿಲ್ಲಿಯ ಕಪಾಟಿನಲ್ಲಿರುವ ಹಳೆಯ ಆಟದ ಬೊಂಬೆಗಳ ಬೆಲೆ ಲೀದಾಳಿಗೆ ಗೊತ್ತಿಲ್ಲ, ಅಂಥವನ್ನೇ ಕೂಡಿಸುವ ಕರ್ನಲ್ಲನಿಗೆ ಗೊತ್ತಿದೆ, ಅವನು ತನಗಿಂತ ಮೊದಲೇ ಹೋಗಿ ಕೂತಿರುತ್ತಾನೆ ಎಂಬ ಯೋಚನೆ ಬಂದು, ಮುಂದಿನ ನಿಲ್ದಾಣದಲ್ಲಿ ಚೀಲ ಹೊತ್ತ ಮುದುಕಿಯೊಬ್ಬಳು ಹತ್ತಲು ತಡಮಾಡಿದ್ದಕ್ಕೆ ಅವನಿಗೆ ಸಿಟ್ಟು ಬಂತು. ಮುದುಕಿ ಎದುರು ಬಂದು ನಿಂತಾಗ ಎದ್ದು ಜಾಗ ಬಿಟ್ಟುಕೊಟ್ಟ. ಇಂಥ ದಿನ ಒಂದು ಒಳ್ಳೆಯ ಕೆಲಸ ಲೆಕ್ಕಕ್ಕಿರಲಿ ಎಂದುಕೊಂಡ. ಚಿಕ್ಕಂದಿನ ಯುದ್ಧದಾಟದಲ್ಲಿ, ಅಂಗಳದ ಮರಳಿನ ಗುಂಡಿಯಲ್ಲಿ ಪಕ್ಕಪಕ್ಕ ಅಂಗಾತ ಮಲಗಿ, "ಇನ್ನೂ ಸತ್ತಿರಬೇಕೇನೋ?" ಎಂದು ಕೇಳುತ್ತಿದ್ದ ವಿಲ್ಲಿ. "ಅವರು ಹೇಳೋವರೆಗೂ ಸತ್ತಿರಬೇಕು, ಮಾತಾಡಬೇಡ," ಎನ್ನುತ್ತಿದ್ದ ಕುಬಾತ್. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಪೊಟ್ಟಣದಲ್ಲಿ ಬೆರಳುದ್ದದ ಎರಡು ಪ್ಲಾಸ್ಟಿಕ್ ಪಡೆ ಇರುತ್ತಿದ್ದವು. ಕೆಂಪು ಬಣ್ಣದ್ದು ಗಡ್ಡ, ಗುರಾಣಿ, ಚೂಪು ಶಿರಸ್ತ್ರಾಣದ ರಷ್ಯದ ವೀರರು. ಮಾಸಲು ಹಸಿರಿನದು ತುಪ್ಪಳದ ಟೋಪಿ, ಇಳಿಮೀಸೆ, ಸೀಳುಗಣ್ಣಿನ ಅಲೆಮಾರಿ ಕುದುರೆ ಸವಾರರು. ಅಚ್ಚು ಕೊರೆದ ಪುಣ್ಯಾತ್ಮ ಮಾಸ್ಕೋದಲ್ಲಿ ಕೂತು ಕೊರೆದದ್ದು. ಹಸಿರಿನವರ ಹಲ್ಲುಗಳನ್ನು ಒಂದೊಂದೇ ಕಾಣುವಂತೆ ಮಾಡಿದ್ದ. ಅಂಗಳದ ಹುಡುಗರಲ್ಲಿ ಮುಕ್ಕಾಲು ಪಾಲು ಕಿರ್ಗಿಜರೇ, ಆದರೂ ಗಡ್ಡದ ವೀರನಾಗಲು ಎಲ್ಲರಿಗೂ ಹೊಡೆದಾಟ. ಕುಬಾತ್ ಸಣಕಲ. ಅವನ ಪಾಲಿಗೆ ತನ್ನಜ್ಜನ ಮುಖದ ಹಸಿರು ಸವಾರರು ಬರುತ್ತಿದ್ದರು, ದಿನವೂ ಸಾಯುತ್ತಿದ್ದರು. ವಿಲ್ಲಿಗಂತೂ ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಯುದ್ಧದ ಕಾಲದಲ್ಲಿ ಅವನಜ್ಜನನ್ನು ಜರ್ಮನ್ ಮೂಲದವನೆಂದು ವೋಲ್ಗಾ ತೀರದಿಂದ ಗೂಡ್ಸ್ ರೈಲಿನಲ್ಲಿ ತುಂಬಿಕೊಂಡು ಬಂದು ಈ ಕಡೆ ಇಳಿಸಿದ್ದರು. ಜರ್ಮನ್ ಹುಡುಗ ಯಾವ ಆಟದಲ್ಲಿ ತಾನೇ ವೈರಿಯಲ್ಲ. ಊಟಕ್ಕೆ ತಾಯಂದಿರು ಕೂಗುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಸತ್ತು, ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಮಿಸುಕದೆ ಮಲಗಿರುತ್ತಿದ್ದರು. ಅಷ್ಟು ಚೆನ್ನಾಗಿ ಸಾಯುವವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

ದೊಡ್ಡವರಾದ ಮೇಲೆ ಬೇರೆಯವರು ಜಮೀನು ಮಾಡಿದರು, ಮಂತ್ರಿಗಳ ನೆಂಟರಾದರು; ಇವರು ಬೊಂಬೆ ಕೂಡಿಸಿದರು. ಕುಬಾತ್ ಹಸಿರು ಸವಾರರನ್ನಷ್ಟೇ ಕೂಡಿಸುತ್ತಿದ್ದ, ಅದಕ್ಕೆ ಸಂಶೋಧನೆ ಎಂದು ಹೆಸರಿಟ್ಟಿದ್ದ. ಪ್ರತಿ ಶನಿವಾರ ಓಷ್ ಬಜಾರಿನ ಹಿಂದಿನ ಚಹಾದಂಗಡಿಯ ಒಳಕೋಣೆಯಲ್ಲಿ ಇಂಥವರ ಒಂದು ಗುಂಪು ಸೇರುತ್ತಿತ್ತು. ಅದರ ಯಜಮಾನಿಕೆ ಕರ್ನಲ್ಲನದು. ನಿಜಹೆಸರು ಒಸ್ಮೊನ್, ಸೈನ್ಯದಲ್ಲಿ ಬೂಟಿನ ಉಗ್ರಾಣ ನೋಡಿಕೊಂಡು ನಿವೃತ್ತನಾದವನು, ಪ್ಲಾಸ್ಟಿಕ್ ಪಡೆಗಳ ಯುದ್ಧತಂತ್ರದ ಬಗ್ಗೆ ಮಾತ್ರ ಗಂಟೆಗಟ್ಟಲೆ ಮಾತಾಡಬಲ್ಲ. ಇನ್ನೊಬ್ಬ ದಂತವೈದ್ಯ ಅರ್ಕಾದಿ. ಚಾಕೊಲೇಟ್ ಮೊಟ್ಟೆಯೊಳಗೆ ಸಿಗುವ ಈಚಿನ ಕಾಲದ ಬೊಂಬೆಗಳು ಅವನ ವಿಭಾಗ, ಮೊಟ್ಟೆ ತಿಂದು ಹಲ್ಲು ಹಾಳಾದ ಮಕ್ಕಳೇ ಅವನ್ನು ತಂದುಕೊಡುತ್ತಿದ್ದರು. ಹಳೆಯದನ್ನು ಕೂಡಿಸುವವರು ಹೊಸದನ್ನು ಕೂಡಿಸುವವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಹೊಸದರವರು ಹಳೆಯದರವರನ್ನು ಬೆನ್ನ ಹಿಂದೆ ಗುಜರಿ ಎನ್ನುತ್ತಿದ್ದರು. ಆದರೆ ಹಸಿರು ಸವಾರರ ವಿಷಯ ಬಂದರೆ ಕುಬಾತನ ಮಾತೇ ಕೊನೆ. ಅವನು ಬೊಂಬೆಯನ್ನು ತಿರುಗಿಸಿ, ಎರಡು ಅಚ್ಚು ಕೂಡಿದ ಅಂಚುಗೆರೆಯ ಮೇಲೆ ಉಗುರು ಎಳೆದು, ಮೂಸಿ, ಅಸಲಿ ಅಂದರೆ ಅಸಲಿ.

ಸಾಯುವ ಕೆಲವು ವಾರ ಮೊದಲಿನ ಒಂದು ಶನಿವಾರ ವಿಲ್ಲಿ ಕನ್ನಡಕದ ಡಬ್ಬಿಯಲ್ಲಿ ಹತ್ತಿ ತುಂಬಿ ತಂದಿದ್ದ. ಡಬ್ಬಿ ತೆರೆದಾಗ ಎಲ್ಲರೂ ಮೇಜಿನ ಮೇಲೆ ಬಗ್ಗಿದರು. ಹಸಿರು ಕುದುರೆ ನಾಗಾಲೋಟದಲ್ಲಿ ಮುಂದಕ್ಕೆ ಓಡುತ್ತಿತ್ತು. ಅದರ ಮೇಲಿನ ಬಿಲ್ಲುಗಾರ ಸೊಂಟ ತಿರುಚಿ ಹಿಂದಕ್ಕೆ ಬಾಣ ಎಳೆದಿದ್ದ. ಬಿಲ್ಲು ತೆಳುವಾಗಿ ಮುರಿಯುತ್ತದೆಂದು ಕಾರ್ಖಾನೆಯವರು ಬೇಗನೇ ಆ ಅಚ್ಚನ್ನು ಕೈಬಿಟ್ಟಿದ್ದರು. ಕುಬಾತ್ ಅದನ್ನು ಒಂದು ಮಸುಕು ಫೋಟೋದಲ್ಲಿ ಮಾತ್ರ ನೋಡಿದ್ದ. ಇಡೀ ಪಡೆಯಲ್ಲಿ ಸಾಯದೆ ತಪ್ಪಿಸಿಕೊಂಡು, ತಪ್ಪಿಸಿಕೊಳ್ಳುತ್ತಲೇ ಹೊಡೆಯುವವನು ಇವನೊಬ್ಬನೇ. ಇವನೊಬ್ಬ ಅಂದು ತನ್ನ ಕೈಲಿದ್ದಿದ್ದರೆ ಮರಳಿನ ಗುಂಡಿಯ ಕಥೆಯೇ ಬೇರೆಯಾಗುತ್ತಿತ್ತು ಎಂದು, ಹೇಳಿಕೊಳ್ಳಲು ನಾಚಿಕೆಯಾಗುವ ವಯಸ್ಸಿನಲ್ಲೂ, ಅವನಿಗೆ ಅನ್ನಿಸುತ್ತಿತ್ತು. ಸಂತೆಯಲ್ಲಿ ಯಾವುದೋ ಮುದುಕಿ ಅಂಗಿಗುಂಡಿಗಳ ಡಬ್ಬಿಯ ಜೊತೆ ಕೊಟ್ಟಳಂತೆ. ವಿಲ್ಲಿ ಬೇರೆ ಯಾರ ಮುಖವನ್ನೂ ನೋಡಲಿಲ್ಲ, ಇವನನ್ನೇ ನೋಡುತ್ತಿದ್ದ, ಆಗ ಕೇಳಿದ ಹಾಗೆ, ಇನ್ನೂ ಸತ್ತಿರಬೇಕೇನೋ ಎಂದು ಕೇಳಿದ ಹಾಗೆ. ಕುಬಾತ್ ಅದನ್ನು ಕೈಗೆ ತೆಗೆದುಕೊಂಡ. ಉಗುರಿಗೆ ಹಳೆಯ ಅಚ್ಚಿನ ಒರಟು ತಾಗಿತು, ಮೂಗಿಗೆ ಹಳೆಯ ಪ್ಲಾಸ್ಟಿಕ್ಕಿನ ಮೇಣದಂಥ ವಾಸನೆ ಬಂತು, ಅನುಮಾನಕ್ಕೆ ಜಾಗವೇ ಇರಲಿಲ್ಲ. "ಹೊಸ ಎರಕ. ನಕಲು ಚೆನ್ನಾಗಿ ಮಾಡಿದ್ದಾರೆ," ಎಂದ, ಮದುವೆ ಭವನದ ಧ್ವನಿಯಲ್ಲಿ. ಅರ್ಕಾದಿ ಮೆಲ್ಲಗೆ ಕಿಸಕ್ಕೆಂದ. ವಿಲ್ಲಿ ಡಬ್ಬಿ ಮುಚ್ಚಿ, ಚಹಾ ಪೂರ್ತಿ ಕುಡಿದು, ಎಲ್ಲರಿಗೂ ಹೇಳಿಯೇ ಹೋದ. ಆಮೇಲೆ ಶನಿವಾರಗಳಿಗೆ ಬರಲಿಲ್ಲ. ಸಿಟ್ಟಾಗಿದ್ದಾನೆ, ಇಳಿಯಲಿ, ಆಮೇಲೆ ಮೆಲ್ಲಗೆ ಕೇಳಿ ಅಗ್ಗಕ್ಕೆ ತೆಗೆದುಕೊಂಡರಾಯಿತು ಎಂದು ಕುಬಾತ್ ಕಾದ. ಸಿಟ್ಟು ಇಳಿಯುವ ಮೊದಲೇ ವಿಲ್ಲಿ ಗೇಟಿನೆದುರು ಹಿಮ ಎತ್ತಿಹಾಕುತ್ತ ಸಲಿಕೆಯ ಮೇಲೆ ಕುಸಿದಿದ್ದ.

ವಿಲ್ಲಿಯದು ಊರಂಚಿನ ಒಂದೇ ಅಂತಸ್ತಿನ ಮನೆ, ಅಂಗಳದಲ್ಲಿ ಒಂದು ಜರ್ದಾಳು ಮರ. ಕುಬಾತ್ ಹೋದಾಗ ನೆರೆಯವರೆಲ್ಲ ಸೇರಿ ಬೆಂಚುಗಳನ್ನು ಒಳಗೆ ಸಾಗಿಸುತ್ತಿದ್ದರು. ಕರ್ನಲ್ ನಿರೀಕ್ಷೆಯಂತೆ ಮೊದಲೇ ಬಂದಿದ್ದ, ಅಗಲ ಜೇಬುಗಳ ಕೋಟು ಹಾಕಿಕೊಂಡಿದ್ದ. ಅರ್ಕಾದಿ ತನಗೆ ಸಂಬಂಧವಿಲ್ಲದ ಹಳೆಯ ಬೊಂಬೆಗಳಿಗೂ ಒಂದು ಚೀಲ ತಂದಿದ್ದ.

"ಚೀಲದಲ್ಲೇನು?" ಎಂದ ಕುಬಾತ್.

"ಕೊಂಚ ಸೇಬು. ಬರಿಗೈಲಿ ಹೆಂಗ್ ಬರೋದು."

"ಸೇಬು ಎಲ್ಲಿ?"

"ಕೊಟ್ಟಾಯ್ತು. ಚೀಲ ವಾಪಸ್ ತಗೊಂಡು ಹೋಗ್ಬೇಕಲ್ಲ."

ಮೂವರೂ ಮುಖ ತಗ್ಗಿಸಿ, ಮೂವರೂ ವಿಲ್ಲಿಯ ಕೋಣೆಯ ಬಾಗಿಲನ್ನೇ ನೋಡಿದರು. ಲೀದಾ ಕಪ್ಪು ತಲೆವಸ್ತ್ರ ಬಿಗಿದುಕೊಂಡು ಬಂದಳು. ಅವಳು ಮೊದಲಿನಿಂದಲೂ ದೊಡ್ಡಾಳು; ಈಗ ತನ್ನದೇ ಬಟ್ಟೆಯೊಳಗೆ ಬೇರೆ ಯಾರೋ ನಿಂತ ಹಾಗೆ ಇಳಿದುಹೋಗಿದ್ದಳು. "ಬನ್ನಿ, ಊಟಕ್ಕೆ ಇನ್ನೂ ಹೊತ್ತಿದೆ. ಅವರ ಬೊಂಬೆ ನೋಡ್ಕೊಂಡು ಬನ್ನಿ. ನಿಮಗೇ ತಾನೆ ಅದರ ಮೇಲೆ ಪ್ರೀತಿ," ಎಂದು ತಾನೇ ಬಾಗಿಲು ತೆರೆದಳು. ಬಾಗಿಲಲ್ಲಿ ಯಾರು ಮೊದಲು ಎಂಬುದರಲ್ಲಿ ಒಂದು ಚಿಕ್ಕ ನೂಕಾಟವಾಯಿತು. ಕರ್ನಲ್ಲನ ಹೊಟ್ಟೆ ಗೆದ್ದಿತು.

ಕಪಾಟು ಖಾಲಿಯಿತ್ತು. ಬೊಂಬೆಗಳೆಲ್ಲ ಹಾಸಿಗೆಯ ಮೇಲೆ ಹರಡಿದ ಟವೆಲ್ಲಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ವಿಲ್ಲಿ ಎಷ್ಟೋ ಚಳಿಗಾಲ ಕೂತು ಒಂದೆಳೆ ಕೂದಲಿನ ಕುಂಚದಲ್ಲಿ ಬರೆದ ಕಣ್ಣುಗುಡ್ಡೆಗಳು, ಜೂಲುಗಳು, ಗುರಾಣಿಯ ಹುಲಿಗಳು ಒಂದೂ ಇರಲಿಲ್ಲ. ಎಲ್ಲವೂ ಈಗಷ್ಟೇ ಹುಟ್ಟಿದ ಹಾಗೆ ಬೋಳುಬೋಳಾಗಿ ಹೊಳೆಯುತ್ತಿದ್ದವು. ಗಟ್ಟಿ ಪ್ಲಾಸ್ಟಿಕ್ಕಿನವು ಕೆಲವು ಸೊಟ್ಟಗಾಗಿದ್ದವು. ಒಬ್ಬ ಸೇನಾಪತಿ ತನ್ನ ಮಂಡಿಯನ್ನೇ ನೋಡಿಕೊಳ್ಳುತ್ತಿದ್ದ.

"ಸೋಡಾ ಹಾಕಿ ಕುದಿಸ್ದೆ," ಎಂದಳು ಲೀದಾ. "ಶಿಶುವಿಹಾರಕ್ಕೆ ಕೊಡೋಣ ಅಂತ. ಮಕ್ಕಳು ಬಾಯಿಗೆ ಹಾಕ್ಕೊಳ್ತಾವಲ್ಲ. ಎಷ್ಟು ವರ್ಷದ ಕೊಳೆ ಅಂತೀರಿ, ನೀರೆಲ್ಲ ಬಣ್ಣಬಣ್ಣ ಆಗೋಯ್ತು."

ಕರ್ನಲ್ ಮಂಚದ ಅಂಚಿನಲ್ಲಿ ಕೂತುಬಿಟ್ಟ. ಬೂಟಿನ ಉಗ್ರಾಣದಲ್ಲಿ ಮೂವತ್ತು ವರ್ಷ ಅಲುಗಾಡದ ಆ ಮುಖದ ಮೇಲೆ ಕಣ್ಣೀರು ಇಳಿಯಿತು. ಅರ್ಕಾದಿ ಗೋಡೆಯ ಕಡೆ ತಿರುಗಿ ಭುಜ ಕುಲುಕಿಸುತ್ತ ನಿಂತ. ಲೀದಾ ಒಬ್ಬರಾದ ಮೇಲೆ ಒಬ್ಬರ ಬೆನ್ನು ಸವರಿದಳು. "ನೀವೆಲ್ಲ ಅವರನ್ನ ಇಷ್ಟು ಹಚ್ಕೊಂಡಿದ್ರಿ ಅಂತ ನಂಗೆ ಗೊತ್ತೇ ಇರಲಿಲ್ಲ. ಬೊಂಬೆ ಆಡೋ ಗಂಡಸರು ಅಂತ ತಮಾಷೆ ಮಾಡ್ತಿದ್ದೆ. ಕ್ಷಮಿಸ್ಬಿಡಿ."

ಕುಬಾತ್ ಒಬ್ಬನೇ ಅಳಲಿಲ್ಲ. ಬಿಲ್ಲುಗಾರನಿಗೆ ಬಳಿದ ಬಣ್ಣವೇ ಇರಲಿಲ್ಲ, ಅವನು ಕುದಿನೀರಿಗೆ ಸೊಟ್ಟಗಾಗದ ಮೆತ್ತನೆಯ ಪ್ಲಾಸ್ಟಿಕ್ಕಿನವನು. ಸೋಡಾ ಅವನನ್ನು ಏನೂ ಮಾಡಲಾರದು. ಈ ಯೋಚನೆಯಿಂದ ಅವನ ಮೈಯೆಲ್ಲ ಬೆಚ್ಚಗಾಯಿತು. ಗೆಳೆಯನ ನೆನಪನ್ನು ಮುಟ್ಟಿ ನೋಡುವವನಂತೆ ಒಂದೊಂದೇ ಬೊಂಬೆಯನ್ನು ಎತ್ತಿ, ನಿಟ್ಟುಸಿರು ಬಿಟ್ಟು ಇಟ್ಟ. ಸಾಲಿನಲ್ಲಿ ಇರಲಿಲ್ಲ. ಟವೆಲ್ಲಿನ ಮಡಿಕೆಯಲ್ಲಿ ಇರಲಿಲ್ಲ. ಲೀದಾ ನೋಡದಿದ್ದಾಗ ಭೂತಗನ್ನಡಿ ತೆಗೆದು ಕಪಾಟಿನ ಮೂಲೆಗಳನ್ನೂ ನೋಡಿದ. ಕೊನೆಗೆ ಕರ್ನಲ್ಲನ ಕೋಟಿನ ಜೇಬನ್ನು, ಸಮಾಧಾನ ಮಾಡುವ ನೆಪದಲ್ಲಿ ತಬ್ಬಿಕೊಂಡು, ಒತ್ತಿ ನೋಡಿದ. ಜೇಬಿನಲ್ಲಿ ಹತ್ತಿಯಿತ್ತು. ಬೊಂಬೆ ಸುತ್ತಲು ತಂದ ಬರೀ ಹತ್ತಿ. ಕರ್ನಲ್ ಕೂಡ ಅಷ್ಟೇ ಬಿಗಿಯಾಗಿ ಅವನ ಜೇಬು ಒತ್ತಿದ.

ಅಡುಗೆಮನೆಯಲ್ಲಿ ಲೀದಾ ಒಣದ್ರಾಕ್ಷಿ ಹಾಕಿದ ಸಿಹಿ ಅನ್ನವನ್ನು ಬಟ್ಟಲುಗಳಿಗೆ ಬಡಿಸುತ್ತಿದ್ದಳು. ಕುಬಾತ್ ನೀರು ಕೇಳಿಕೊಂಡು ಹೋದ.

"ಲೀದಾ, ಒಂದು ಕುದುರೆ ಸವಾರ ಇದ್ದ. ಹಿಂದಕ್ಕೆ ತಿರುಗಿ ಬಾಣ ಬಿಡೋನು. ಹಸಿರು."

"ಆ ನಕಲಿನಾ?" ಎಂದಳು ಅವಳು ಚಮಚ ನಿಲ್ಲಿಸದೆ. "ಅದನ್ನ ಅವತ್ತೇ ಒಲೆಗೆ ಹಾಕಿದ್ರು. ಬಂದೋರು ಕೋಟೂ ಬಿಚ್ಚಲಿಲ್ಲ. ಲೀದಾ, ಒಲೆ ಬಾಗಿಲು ತೆಗಿ ಅಂದ್ರು, ನಾನು ತೆಗೆದೆ. ಮನೆಯೆಲ್ಲ ಕಮಟು. ಯಾಕ್ರೀ ಹಿಂಗ್ ಮಾಡ್ತೀರಿ, ಇನ್ನೊಬ್ಬರಿಗೆ ತೋರಿಸ್ಬಾರದಿತ್ತಾ ಅಂದೆ. ಕುಬಾತ್ ನೋಡಿ ಹೇಳಿದ್ಮೇಲೆ ಇನ್ಯಾರಿಗೆ ತೋರಿಸ್ಲಿ, ಅವನು ನನಗೆ ಸುಳ್ಳು ಹೇಳ್ತಾನಾ ಅಂದ್ರು. ನಗ್ತಾನೇ ಇದ್ರು. ಈ ವಯಸ್ಸಲ್ಲಿ ಟೋಪಿ ಹಾಕಿಸ್ಕೊಂಡು ಬಂದೆನಲ್ಲ, ಆ ಗುಂಪಿಗೆ ಹೆಂಗ್ ಮುಖ ತೋರಿಸ್ಲಿ ಅಂತ ಶನಿವಾರ ಮನೇಲೇ ಕೂತ್ಬಿಡೋರು. ನಿಮ್ಮ ಮೇಲೆ ಏನೂ ಬೇಜಾರಿರಲಿಲ್ಲ. ಒಬ್ಬನಾದ್ರೂ ಇದ್ದದ್ದು ಇದ್ದ ಹಾಗೆ ಹೇಳ್ದ ಅನ್ನೋರು."

ಕುಬಾತನ ಕೈಲಿದ್ದ ಲೋಟದಿಂದ ನೀರು ಅಂಗಿಯ ತೋಳಿನೊಳಗೆ ಹರಿಯಿತು. ಕಲ್ಲಿದ್ದಲಿನ ಕೆಂಪಿನಲ್ಲಿ ಕುದುರೆಯ ಕಾಲುಗಳು ಮೊದಲು ಮೆತ್ತಗಾಗಿರಬೇಕು. ಓಡುತ್ತಿದ್ದದ್ದು ಮಂಡಿಯೂರಿರಬೇಕು. ಆಮೇಲೆ ಆ ತೆಳು ಬಿಲ್ಲು ಬಾಗಿ, ಬಾಣ ನೆಲದ ಕಡೆ ತಿರುಗಿ, ತಿರುಚಿದ ಸೊಂಟ ತನ್ನಷ್ಟಕ್ಕೆ ನೆಟ್ಟಗಾಗುತ್ತ ಬಂದು ಎಲ್ಲ ಒಂದು ಕರಿ ಹನಿಯಾಗಿರಬೇಕು. ಅವನು ಬಿಕ್ಕಿದ. ಲೀದಾ ಚಮಚ ಕೆಳಗಿಟ್ಟು ಅವನನ್ನು ಎದೆಗೊತ್ತಿಕೊಂಡಳು. ಅವಳ ಬಟ್ಟೆಗೆ ಈರುಳ್ಳಿ ಮತ್ತು ಬೆಣ್ಣೆಯ ವಾಸನೆ ಇತ್ತು. ಅಳುತ್ತಲೇ ಕುಬಾತನಿಗೆ ಗೊತ್ತಿತ್ತು, ತಾನು ಅಳುತ್ತಿರುವುದು ಬೆರಳುದ್ದದ ಪ್ಲಾಸ್ಟಿಕ್ಕಿಗಾಗಿ. ಇದು ಸರಿಯಲ್ಲವೆಂದು ಒಲೆಯ ಮುಂದೆ ಕೋಟು ಬಿಚ್ಚದೆ ನಿಂತ ವಿಲ್ಲಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ಹೆಣಗಿದ. ವಿಲ್ಲಿಯ ಕೋಟು ಬಂತು, ಕೈ ಬಂತು, ಮುಖ ಬರಲಿಲ್ಲ. ಮತ್ತೆ ಮತ್ತೆ ಕುದುರೆಯೇ ಬಂತು.

ಊಟಕ್ಕೆ ಕೂತರು. ನೆರೆಯವರು, ವಿಲ್ಲಿ ಕೆಲಸ ಮಾಡುತ್ತಿದ್ದ ಗಡಿಯಾರ ರಿಪೇರಿ ಅಂಗಡಿಯ ಇಬ್ಬರು, ಲೀದಾಳ ತಂಗಿ. ಸಿಹಿ ಅನ್ನದ ಮೊದಲ ಚಮಚವನ್ನು ಎಲ್ಲರೂ ಮಾತಿಲ್ಲದೆ ತಿಂದರು. ವೋಡ್ಕಾ ಸುರಿದರು, ಸತ್ತವರ ಹೆಸರಿಗೆ ಲೋಟ ತಾಗಿಸುವಂತಿಲ್ಲ, ಎಲ್ಲರೂ ಎದೆಯ ಮುಂದೆ ಹಿಡಿದುಕೊಂಡು ಕುಬಾತನನ್ನು ನೋಡಿದರು. ಅವನು ಎದ್ದು ನಿಂತ. ಗಂಟಲು ತಾನಾಗಿಯೇ ತುಂಬಿಕೊಂಡಿತು. ವಿಲ್ಲಿ ಎಂಥ ಗೆಳೆಯ, ಎಂಥ ಕೈ ಅವನದು, ನಿಂತ ಗಡಿಯಾರಗಳು ಅವನ ಮಾತು ಕೇಳುತ್ತಿದ್ದವು ಎಂದೆಲ್ಲ ಹೇಳಿದ. ಗಡಿಯಾರದಂಗಡಿಯವರು ತಲೆದೂಗಿದರು. ತನ್ನ ಧ್ವನಿ ತನ್ನಿಂದ ಬೇರೆಯಾಗಿ, ಅಡ್ಡಪಟ್ಟಿ ಹಾಕಿಕೊಂಡು, ಮೇಜಿನ ಸುತ್ತ ಓಡಾಡಿ ಒಬ್ಬೊಬ್ಬರನ್ನೇ ಅಳಿಸಿ ಬರುತ್ತಿರುವುದನ್ನು ಅವನು ಕೇಳಿಸಿಕೊಂಡ. ಥೂ ಅನ್ನಿಸಿತು. ಅದರ ಬಾಯಿ ಮುಚ್ಚಿಸಲೆಂದೇ, ಯಾವ ಮುಂದಾಲೋಚನೆಯೂ ಇಲ್ಲದೆ, ತೊದಲುತ್ತ ಅಂದ: "ಇನ್ನೊಂದು ಮಾತು. ವಿಲ್ಲಿ ಆವತ್ತು ತಂದಿದ್ದ ಬಿಲ್ಲುಗಾರ... ಅದು ಅಸಲಿ. ಅಸಲಿನೇ ಆಗಿತ್ತು."

ಮುಂದಿನ ವಾಕ್ಯ ಇತ್ತು. ನನಗದು ಗೊತ್ತಿತ್ತು ಎಂಬ ವಾಕ್ಯ. ಅದು ನಾಲಿಗೆಯ ತುದಿಗೆ ಬಂದು ಸುತ್ತಮುತ್ತ ನೋಡಿ ಒಳಗೆ ಹೋಯಿತು. ಅಷ್ಟರಲ್ಲಿ ಕರ್ನಲ್ ಮೂಗು ಒರೆಸಿಕೊಳ್ಳುತ್ತ ಪಕ್ಕದವರಿಗೆ, "ನೋಡಿ, ಇದು ದೊಡ್ಡತನ. ಸತ್ತವನ ನಕಲನ್ನೂ ಅಸಲಿ ಅಂತಾನೆ," ಎಂದ. ಎಲ್ಲರೂ ಕುಡಿದರು. ಕುಬಾತನ ಭಾಷಣ ಬಹಳ ಚೆನ್ನಾಗಿತ್ತೆಂದು ಲೀದಾಳ ತಂಗಿ ಅವನ ತಟ್ಟೆಗೆ ಇನ್ನೊಂದು ಮಾಂಸದ ತುಂಡು ಬಡಿಸಿದಳು. ಅವನು ತಿಂದ. ಹಸಿವಾಗಿತ್ತು.

ಹೊರಡುವಾಗ ಬಾಗಿಲ ಬಳಿಯ ಕತ್ತಲ ಓಣಿಯಲ್ಲಿ ಲೀದಾ ಅವನ ಕೋಟು ಹಿಡಿದು ನಿಂತಿದ್ದಳು. ಅವನು ಒಂದು ತೋಳು ತೂರಿಸಿದ. ಇನ್ನೊಂದು ತೋಳಿಗೆ ಅವಳು ಕೋಟು ಕೊಡಲಿಲ್ಲ.

"ಕುಬಾತ್, ಆಗ ಹೇಳಿದ್ರಲ್ಲ. ಅದು ನಿಜವಾಗ್ಲೂ ಅಸಲಿನಾ?"

ಅವಳ ಮುಖ ಹತ್ತಿರದಲ್ಲಿತ್ತು. ರೆಪ್ಪೆಗಳಿಗೆ ಅಡುಗೆಯ ಹಿಟ್ಟು ಹತ್ತಿತ್ತು. ಹೌದು ಎನ್ನುವುದಕ್ಕೆ ಒಂದೇ ಉಸಿರು ಸಾಕಿತ್ತು. ಹೌದೆಂದರೆ ತಾನು ಇವತ್ತು ಹಗುರಾಗಿ ಮನೆಗೆ ಹೋಗಬಹುದು, ಆ ಭಾರವನ್ನು ಈ ಹೆಂಗಸು ಒಲೆಯ ಬಾಗಿಲ ಹತ್ತಿರ ಇಟ್ಟುಕೊಂಡು ಉಳಿದ ದಿನ ತಳ್ಳಬೇಕು. ಅಲ್ಲ ಎಂದರೆ? ಅದು ದಯೆಯೋ, ಹೇಡಿತನವೋ. ಎರಡಕ್ಕೂ ಒಂದೇ ಮುಖ ಇರುವುದು ಅವನಿಗೆ ಅನುಕೂಲವೇ ಆಗಿತ್ತು.

"ಇಲ್ಲ, ಲೀದಾ. ಊಟದ ಹೊತ್ತು, ಸತ್ತವರಿಗೆ ಒಂದೊಳ್ಳೆ ಮಾತು ಅಂತ ಅಂದೆ ಅಷ್ಟೆ. ಅದು ನಕಲೇ."

ಅವಳು ಉಸಿರು ಬಿಟ್ಟಳು. ಭುಜಗಳು ಇಳಿದವು. "ಸದ್ಯ," ಎಂದಳು. "ನೀವು ಹಂಗೆ ಅಂದಾಗ ನನ್ನ ಕೈಕಾಲು ಆಡಲಿಲ್ಲ. ಬಾಗಿಲು ತೆಗೆದುಕೊಟ್ಟೋಳು ನಾನು ತಾನೆ." ಇನ್ನೊಂದು ತೋಳಿಗೆ ಕೋಟು ತೊಡಿಸಿ, ಗುಂಡಿಯನ್ನೂ ತಾನೇ ಹಾಕಿ, "ಇನ್ಮೇಲೆ ಹಂಗೆಲ್ಲ ಒಳ್ಳೆ ಮಾತಾಡ್ಬೇಡಿ. ನಿಮಗೆ ಸುಳ್ಳು ಒಗ್ಗಲ್ಲ," ಎಂದಳು.

ಹೊರಗೆ ಜರ್ದಾಳು ಮರದ ಕೆಳಗೆ ಕರ್ನಲ್ ಮತ್ತು ಅರ್ಕಾದಿ ಸಿಗರೇಟು ಸೇದುತ್ತ ಅವನಿಗಾಗಿ ಕಾಯುತ್ತಿದ್ದರು. ಅಳು ಮುಗಿದು ಇಬ್ಬರ ಮುಖವೂ ಸ್ನಾನ ಮಾಡಿದಂತಿತ್ತು.

"ಭಾಷಣ ಭಾರೀ ಆಯ್ತು ಕಣಯ್ಯಾ," ಎಂದ ಕರ್ನಲ್. "ಅದರಲ್ಲೂ ಆ ಅಸಲಿ ಅಂದೆಯಲ್ಲ. ಗೊತ್ತಿಲ್ಲದೋರು ಯಾರಾದ್ರೂ ಆಗಿದ್ರೆ ನಂಬಿಬಿಡೋರು."

"ಅಸಲಿನೇ, ಬಾಯ್ಕೆ," ಎಂದ ಕುಬಾತ್, ಅಣ್ಣನಿಗೆ ಹೇಳುವಂತೆ, ಮೆಲ್ಲಗೆ, ಮದುವೆ ಭವನದ ಧ್ವನಿ ಎಲ್ಲಿಯೂ ಸೇರದಂತೆ ನೋಡಿಕೊಂಡು. "ನಾನೇ ಸುಳ್ಳು ಹೇಳಿದ್ದು. ಕೈಗೆ ತಗೊಂಡ ತಕ್ಷಣ ಗೊತ್ತಾಗಿತ್ತು."

ಕರ್ನಲ್ ಅವನ ಬೆನ್ನಿನ ಮೇಲೆ ಕೈ ಹಾಕಿ, ಗೇಟಿನಾಚೆ ನಡೆಸಿಕೊಂಡು ಬಂದ. "ಸಾಕು ಬಿಡು ತಮ್ಮಾ. ಗೇಟಿನಾಚೆ ಬಂದಾಯ್ತು, ಇಲ್ಲಿ ನಾವ್ ನಾವೇ ಇರೋದು. ಇನ್ನೂ ಎಷ್ಟು ಹೊತ್ತು ಒಳ್ಳೆಯವನಾಗಿರ್ತೀಯಾ?"

ಅರ್ಕಾದಿ ಕಿಸಕ್ಕೆಂದು ನಕ್ಕ. ಕರ್ನಲ್ ಹೊಟ್ಟೆ ಕುಲುಕಿಸಿ ನಕ್ಕ. ಕಾಲುವೆಯಲ್ಲಿ ನೀರು ಜೋರಾಗಿ ಹರಿಯುತ್ತಿತ್ತು, ಎದುರು ಮನೆಯ ನಾಯಿ ಸುಮ್ಮನೆ ಬೊಗಳಿತು. ಮೂವರೂ ಬಸ್ಸಿನ ಕಡೆ ನಡೆಯುತ್ತಿದ್ದಾಗ, ತಾನು ನಗದೆ ಹಾಗೇ ಇದ್ದರೆ ತನ್ನ ಮಾತನ್ನು ಎಲ್ಲಿ ನಂಬಿಬಿಡುತ್ತಾರೋ ಎಂದು ಕುಬಾತನಿಗೆ ಒಮ್ಮೆಲೇ ಭಯವಾಯಿತು. ಅವನೂ ನಕ್ಕ.